ನೋಡಲು ಬಂದವರು ಊರಿಗೆ ಏನು ಬಿಟ್ಟು ಹೋಗುತ್ತಾರೆ?



“ನಮ್ಮ ಕಡೆ ನೋಡಾಕ ಏನದ ಸಿಸ್ಟರ್? ಬಿಸಿಲು, ಕಲ್ಲು ಅಷ್ಟ” ಎಂಬ ಮಾತನ್ನು ವಳಕಮದಿನ್ನಿ ಕಡೆಯ ಸಂಘಗಳಲ್ಲಿ ಕೇಳುತ್ತೇವೆ. ಆ ಕಲ್ಲನ್ನೇ ಮೊದಲು ನೋಡೋಣ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಇದೆ. ಅಲ್ಲಿನ ಗುಡ್ಡದ ಬಂಡೆಯ ಮೇಲೆ 2,200 ವರ್ಷಕ್ಕೂ ಹಿಂದಿನ ಬರಹವಿದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಕಣ್ಣಿಗೆ ಅದು ಬಿತ್ತು. ಅಲ್ಲಿಯವರೆಗೆ ದೇಶದ ಬೇರೆ ಕಡೆ ಸಿಕ್ಕಿದ್ದ ಇಂಥ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಆ ರಾಜ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ನಮ್ಮ ಮಸ್ಕಿಯ ಕಲ್ಲು! ಮೇಲೇರುವುದು ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಧರ್ಮದಲ್ಲಿ ನಡೆದರೆ ಸಣ್ಣವರಿಗೂ ಸಾಧ್ಯ ಎಂಬ ಅರ್ಥದ ಮಾತೂ ಅದರಲ್ಲಿದೆ. ಇನ್ನು ಮುದಗಲ್ಲಿನ ಕೋಟೆ, ಅಲ್ಲಿನ ಮೊಹರಂ, ಕೃಷ್ಣಾ ನದಿಯ ಜಲದುರ್ಗ ನಿಮಗೆ ಗೊತ್ತೇ ಇವೆ.

ನೋಡಲು ಜನ ಬರುತ್ತಾರೆ. ಕಾರಿನಲ್ಲಿ ಬಂದು, ಫೋಟೋ ತೆಗೆದುಕೊಂಡು, ಊಟಕ್ಕೆ ಪಟ್ಟಣದ ಹೋಟೆಲಿಗೆ ಹೋಗುತ್ತಾರೆ. ನಮಗೆ ಉಳಿಯುವುದು ನೀರಿನ ಖಾಲಿ ಬಾಟಲಿ.

ಗಂಗಾವತಿ ತಾಲೂಕಿನ ಆನೆಗೊಂದಿಯಲ್ಲಿ ಬೇರೆ ದಾರಿ ಹಿಡಿದರು. ಹಂಪಿಯ ಎದುರಿಗೆ, ತುಂಗಭದ್ರೆಯ ಆಚೆ ದಡದ ಊರು ಅದು. ಸುತ್ತ ಬಾಳೆ ತೋಟ. ಗೊನೆ ಕಡಿದ ಮೇಲೆ ಬಾಳೆಯ ದಿಂಡು ಯಾರಿಗೂ ಬೇಡ. 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್ ಮೂಲಕ ಮಹಿಳೆಯರು ಅದರ ಪಟ್ಟೆ ಒಣಗಿಸಿ, ಹುರಿ ಹೊಸೆದು, ಚೀಲ, ಬುಟ್ಟಿ, ಚಾಪೆ ಮಾಡಲು ಕಲಿತರು. ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಬಂದವರಿಗೆ ಉಳಿಯಲು ಕೊಟ್ಟರು. ಮಾಲು ಊರಿನದು, ದುಡಿಮೆ ಮನೆಯ ಹತ್ತಿರ. ನನಗೆ ಮೆಚ್ಚಿಗೆಯಾದದ್ದು ಇದೇ. ಅಲ್ಲೇ ಸಮೀಪದ ವಿರುಪಾಪುರಗಡ್ಡೆಯಲ್ಲಿ ಪರವಾನಗಿ ಇಲ್ಲದೆ ಎದ್ದಿದ್ದ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ಕೆಡವಿದರು. ಅಂಥಲ್ಲಿ ದುಡಿಯುವ ಹೆಣ್ಣುಮಕ್ಕಳ ಗತಿ ಏನು, ಯೋಚಿಸಿ.

ನಮ್ಮಲ್ಲಿ ಬಾಳೆ ಇಲ್ಲದಿದ್ದರೇನು? ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಇದೆ. ಹಳೆ ಸೀರೆಯ ಕೌದಿ ಹೊಲಿಯುವ ಕೈಗಳಿವೆ. ಆದರೆ ಇದಕ್ಕಾಗಿ ಬ್ಯಾಂಕಿಗೆ ಓಡಬೇಡಿ. ಮಸ್ಕಿ ಮಲ್ಲಿಕಾರ್ಜುನನ ಜಾತ್ರೆಯಂಥ ಒಂದು ಜಾತ್ರೆಗೆ, ಸಂಘದ ಒಳಸಾಲದಲ್ಲಿ, ಐದಾರು ಜನ ಸೇರಿ ಒಂದು ಅಂಗಡಿ ಇಟ್ಟು ನೋಡಿರಿ. ನಮ್ಮ ಬ್ಯಾಸಿಗಿಯಲ್ಲಿ ಗುಡ್ಡ ಹತ್ತುವವರು ಕಡಿಮೆ. ಹಾಗಾಗಿ ಎಮ್ಮೆ ಮಾರಿ, ಹೊಲಿಗೆ ಬಿಟ್ಟು ಇದಕ್ಕೆ ಇಳಿಯುವುದು ಜಾಣತನವಲ್ಲ. ಲೆಕ್ಕದಲ್ಲಿ ಹಿಟ್ಟು, ಎಣ್ಣೆ, ಕಟ್ಟಿಗೆ ಬರೆಯುತ್ತೀರಿ, ನಿಮ್ಮ ಕೂಲಿಯನ್ನು ಮಾತ್ರ ಮರೆಯುತ್ತೀರಿ. ರೊಟ್ಟಿ ಬಡಿಯಲು ಒಬ್ಬಾಕೆಗೆ ಅರ್ಧ ದಿನ ಹೋದರೆ ಅರ್ಧ ದಿನದ ಕೂಲಿ ಬೆಲೆಯೊಳಗೆ ಸೇರಲೇಬೇಕು. ತಿನಿಸು ಮಾರಲು ಆಹಾರ ಸುರಕ್ಷತಾ ನೋಂದಣಿ ಬೇಕು. ಕೇಂದ್ರ ಸರ್ಕಾರ ರಕ್ಷಿಸಿದ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ಕಾನೂನಿನ ನಿಷೇಧವಿದೆ. ಒಂದು ಶೆಡ್ ಹಾಕುವ ಮೊದಲೂ ಪಂಚಾಯಿತಿ ಅಥವಾ ಪುರಸಭೆಯಲ್ಲಿ ಕೇಳಿರಿ. ಬಂಡೆಯ ಮೇಲೆ ಹೆಸರು ಗೀಚುವ, ಹಳೆ ಕಲ್ಲು ಒಡೆದು ಮನೆಗೆ ಒಯ್ಯುವ ನಮ್ಮ ಮಕ್ಕಳನ್ನೂ ತಡೆಯಬೇಕು. ಕಲ್ಲು ಹೋದರೆ ಅಂಗಡಿಯೂ ಹೋಯಿತು.

ಮುಂದಿನ ಸಭೆಗೆ ಕೆಲಸ: ನಿಮ್ಮೂರಿನ ಹಳೆಯ ಬಾವಿ, ಗುಡಿ, ದರ್ಗಾ, ವೀರಗಲ್ಲು ಯಾವುವು ಎಂದು ಹಿರಿಯ ಅಜ್ಜಿಯರನ್ನು ಕೇಳಿ ಠರಾವು ಪುಸ್ತಕದಲ್ಲಿ ಬರೆಯಿರಿ. ಆಮೇಲೆ ಒಂದು ದಿನ ಎಲ್ಲರೂ ಮಸ್ಕಿಗೆ ಹೋಗಿ ಬನ್ನಿರಿ. ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ಸಿಗೆ ಟಿಕೆಟ್ ಖರ್ಚಿಲ್ಲ. ರೊಟ್ಟಿ ಬುತ್ತಿ ಕಟ್ಟಿಕೊಳ್ಳಿರಿ, ಹೈಸ್ಕೂಲು ಓದುವ ಮಗಳಿದ್ದರೆ ಜೊತೆಗೆ ಕರೆದುಕೊಳ್ಳಿರಿ.