ಕಂಪ್ಯೂಟರ್ ತೋರಿಸುವ ತಪ್ಪು, ತೋರಿಸದ ತಪ್ಪು

ಮಕ್ಕಳೇ, ಕಂಪ್ಯೂಟರ್ ನಾವು ಬರೆದುಕೊಟ್ಟ ಸೂಚನೆಗಳನ್ನು ಒಂದೊಂದಾಗಿ ಪಾಲಿಸುವ ಯಂತ್ರ. ಇಂತಹ ಸೂಚನೆಗಳ ಪಟ್ಟಿಗೆ ಪ್ರೋಗ್ರಾಮ್ ಎನ್ನುತ್ತಾರೆ. ಅದನ್ನು ಬರೆಯುವ ಭಾಷೆಗಳಲ್ಲಿ ಪೈಥಾನ್ ಒಂದು. ನೆದರ್‌ಲ್ಯಾಂಡ್ಸ್ ದೇಶದ ಗೈಡೋ ವಾನ್ ರಾಸಮ್ ಇದನ್ನು ರೂಪಿಸಿ 1991ರಲ್ಲಿ ಹೊರತಂದರು. ಈ ಹೆಸರು ಬಂದದ್ದು ಹೆಬ್ಬಾವಿನಿಂದಲ್ಲ, ‘ಮಾಂಟಿ ಪೈಥಾನ್’ ಎಂಬ ಬ್ರಿಟನ್ನಿನ ಹಾಸ್ಯ ತಂಡದ ಟಿ.ವಿ. ಕಾರ್ಯಕ್ರಮದಿಂದ!

ಹೊಸಬರು ಬರೆದ ಪ್ರೋಗ್ರಾಮ್ ಎಷ್ಟೋ ಸಲ ಅರ್ಧಕ್ಕೇ ನಿಂತು, ಪರದೆಯ ಮೇಲೆ ದೋಷದ ಸಂದೇಶ ಮೂಡುತ್ತದೆ. ಹೆದರಬೇಡಿ, ಕಂಪ್ಯೂಟರ್ ಕೆಟ್ಟಿಲ್ಲ. ಸಂದೇಶದ ಕೊನೆಯ ಸಾಲನ್ನು ಮೊದಲು ಓದಿ. ದೋಷ ಯಾವ ಬಗೆಯದು ಎಂಬುದು ಅಲ್ಲಿರುತ್ತದೆ. ಅದಕ್ಕೂ ಮೇಲೆ ಸಾಲಿನ ಸಂಖ್ಯೆ ಇರುತ್ತದೆ.

1. ಸಿಂಟ್ಯಾಕ್ಸ್ ಎರರ್: ಬರವಣಿಗೆಯ ನಿಯಮ ತಪ್ಪಿದೆ. ಆವರಣ ಚಿಹ್ನೆಯನ್ನೋ ಉದ್ಧರಣ ಚಿಹ್ನೆಯನ್ನೋ ಮುಚ್ಚದೆ ಬಿಟ್ಟಿರಬಹುದು. ತೋರಿಸಿದ ಸಾಲು ಸರಿಯಿದ್ದರೆ ಅದರ ಹಿಂದಿನ ಸಾಲನ್ನೂ ನೋಡಿ.

2. ನೇಮ್ ಎರರ್: ಪೈಥಾನ್‌ಗೆ ಗೊತ್ತಿಲ್ಲದ ಹೆಸರು ಬಂದಿದೆ. ‘ಪ್ರಿಂಟ್’ ಪದದ ಮೊದಲ ಅಕ್ಷರವನ್ನು ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿ ಬರೆದರೂ ಅದಕ್ಕೆ ಬೇರೆ ಪದವೇ.

3. ಇಂಡೆಂಟೇಷನ್ ಎರರ್: ಸಾಲಿನ ಆರಂಭದಲ್ಲಿ ಬಿಡುವ ಖಾಲಿ ಜಾಗ ಹೆಚ್ಚುಕಡಿಮೆಯಾಗಿದೆ. ‘ಇಫ್’ ಸಾಲಿನ ಕೆಳಗೆ ಬರುವ ಸೂಚನೆಗಳು ಒಳಕ್ಕೆ ಸರಿದಿರಬೇಕು.

ಇವೆಲ್ಲ ಕಂಪ್ಯೂಟರೇ ತೋರಿಸುವ ತಪ್ಪುಗಳು. ಅದು ತೋರಿಸದ ತಪ್ಪೂ ಉಂಟು. ಇಂದು ಗೈರುಹಾಜರಾದ ಮಕ್ಕಳು 6ನೇ ತರಗತಿಯಲ್ಲಿ 1, 7ನೇ ತರಗತಿಯಲ್ಲಿ 2. ಒಟ್ಟು ಎಷ್ಟು? ಈ ಪ್ರೋಗ್ರಾಮ್ ನೋಡಿ. (ಇನ್‌ಪುಟ್, ಪ್ರಿಂಟ್, ಇಂಟ್ ಪದಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಆರು, ಏಳು ನಾವಿಟ್ಟ ಹೆಸರುಗಳು. ಇವು ಕನ್ನಡದಲ್ಲೇ ಇರಬಹುದು.)

ಆರು = ಇನ್‌ಪುಟ್()
ಏಳು = ಇನ್‌ಪುಟ್()
ಪ್ರಿಂಟ್(ಆರು + ಏಳು)

1 ಮತ್ತು 2 ಎಂದು ಟೈಪ್ ಮಾಡಿದರೆ ಬರುವ ಉತ್ತರ 12! ಏಕೆ? ‘ಇನ್‌ಪುಟ್’ ಮೂಲಕ ಕೊಟ್ಟದ್ದನ್ನೆಲ್ಲ ಪೈಥಾನ್ ಬರಹವೆಂದೇ ತಿಳಿಯುತ್ತದೆ. ಎರಡು ಬರಹಗಳ ನಡುವೆ + ಇದ್ದರೆ ಅವುಗಳನ್ನು ಜೋಡಿಸುತ್ತದೆ. ‘ರಾಮ’ + ‘ನಗರ’ ಎಂದರೆ ‘ರಾಮನಗರ’ ಆಗುವಂತೆ ‘1’ + ‘2’ ಎಂದರೆ ‘12’.

ಇದನ್ನು ನಂಬಿದರೆ ಏನಾದೀತು? ಎರಡೂ ತರಗತಿಗಳಲ್ಲಿ 55 ಮಕ್ಕಳಿದ್ದರೆ ಬಿಸಿಯೂಟಕ್ಕೆ 52 ಮಂದಿ ಇರುತ್ತಾರೆ. ಆದರೆ 43 ಮಂದಿಗಷ್ಟೇ ಅಕ್ಕಿ ಅಳೆಯುತ್ತಾರೆ. 6ರಿಂದ 8ನೇ ತರಗತಿಯ ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ. 9 ಮಕ್ಕಳ ಪಾಲಿನ 1 ಕಿಲೋ 350 ಗ್ರಾಂ ಕಡಿಮೆ ಬೀಳುತ್ತದೆ!

ಸರಿಪಡಿಸುವುದು ಸುಲಭ. ‘ಇಂಟ್’ ಎಂಬ ಸೂಚನೆ ಬರಹವನ್ನು ಪೂರ್ಣಾಂಕವಾಗಿ ಬದಲಿಸುತ್ತದೆ:

ಪ್ರಿಂಟ್(ಇಂಟ್(ಆರು) + ಇಂಟ್(ಏಳು))

ಈಗ ಉತ್ತರ 3. ಆದ್ದರಿಂದ ಪ್ರೋಗ್ರಾಮ್ ನಿಲ್ಲದೆ ನಡೆದರೆ ಸಾಲದು. ಬಾಯಿಲೆಕ್ಕದಲ್ಲಿ ಉತ್ತರ ಗೊತ್ತಿರುವ ಸಣ್ಣ ಸಂಖ್ಯೆಗಳನ್ನು ಮೊದಲು ಕೊಟ್ಟು ಪರೀಕ್ಷಿಸಿ.

ನೀವೇ ಹೇಳಿ: 0 ಮತ್ತು 4 ಕೊಟ್ಟರೆ ಎರಡೂ ಪ್ರೋಗ್ರಾಮ್‌ಗಳು ಏನು ಮುದ್ರಿಸುತ್ತವೆ? ಕಂಪ್ಯೂಟರ್ ಇಲ್ಲದಿದ್ದರೂ ಪುಸ್ತಕದಲ್ಲಿ ಬರೆದು ನೋಡಿ.

(ಉತ್ತರ: ಮೊದಲನೆಯದು 04, ಎರಡನೆಯದು 4)