ಭೋಗ್ಯದ ಮನೆ ಮತ್ತು ಬಡ್ಡಿ

ಸಣ್ಣ ಪಟ್ಟಣದಲ್ಲಿ ಸಂಸಾರಕ್ಕೆ ಸಾಲುವಂಥ ಮನೆ ಹುಡುಕುವವರ ಪಾಡು ನಿಮಗೆ ಗೊತ್ತೇ ಇದೆ. ವೃದ್ಧ ತಂದೆ ತಾಯಿಗೆ ಒಂದು ಕೋಣೆ, ಬೆಳೆದ ಗಂಡು ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಮಲಗುವ ಸ್ಥಳ, ಅತಿಥಿಗಳು ಬಂದಾಗ ಹೆಂಗಸರಿಗೆ ಮರೆ. ಇವು ಐಷಾರಾಮವಲ್ಲ, ನಮ್ಮ ಧಾರ್ಮಿಕ ಬದುಕಿನ ಅಗತ್ಯಗಳು. ವಿಶಾಲವಾದ ಮನೆಯನ್ನೂ ಒಳ್ಳೆಯ ನೆರೆಯವನನ್ನೂ ಪ್ರವಾದಿ(ಸ)ಯವರು ಮನುಷ್ಯನ ಸೌಭಾಗ್ಯಗಳಲ್ಲಿ ಎಣಿಸಿದ್ದಾರೆ. ಆದರೆ ಆ ಮನೆ ಯಾವ ಕರಾರಿನಿಂದ ಕೈಗೆ ಬಂತೆಂದು ನಾವು ವಿಚಾರಿಸುವುದು ಕಡಿಮೆ.

ಬೆಂಗಳೂರು, ಮೈಸೂರುಗಳಲ್ಲಿರುವಂತೆ ಸಣ್ಣ ಊರುಗಳಲ್ಲೂ ಭೋಗ್ಯದ ಪದ್ಧತಿಯಿದೆ. ‘ಲೀಸ್’ ಎಂದೂ ಕರೆಯುತ್ತಾರೆ. ಮಾಲಿಕನಿಗೆ ಒಮ್ಮೆಗೆ ಮೂರು ಲಕ್ಷ ಕೊಡುವುದು, ಎರಡೋ ಮೂರೋ ವರ್ಷ ಬಾಡಿಗೆಯಿಲ್ಲದೆ ವಾಸಿಸುವುದು, ಬಿಡುವಾಗ ಮೂರು ಲಕ್ಷವನ್ನೂ ಪೂರ್ತಿ ಹಿಂಪಡೆಯುವುದು. ಗಲ್ಫಿನಲ್ಲಿ ದುಡಿದು ತಂದ ಹಣ ಉಳಿಯಿತು, ಮನೆಯೂ ಸಿಕ್ಕಿತು ಎಂದು ಸಮಾಧಾನ.

ಸ್ವಲ್ಪ ಆಲೋಚಿಸಿ ನೋಡಿ. ಹಿಂತಿರುಗಿ ಬರಬೇಕಾದ ಹಣ ಸಾಲವಲ್ಲದೆ ಮತ್ತೇನು? ಆ ಸಾಲ ಕೊಟ್ಟದ್ದಕ್ಕೇ ತಾನೇ ಬಾಡಿಗೆ ಮಾಫಿಯಾದದ್ದು? ಸಾಲದ ಮೇಲೆ ಷರತ್ತು ಹಾಕಿ ಪಡೆಯುವ ಪ್ರಯೋಜನ ಬಡ್ಡಿಯೆಂಬುದರಲ್ಲಿ ನಾಲ್ಕೂ ಮದ್‌ಹಬ್‌ಗಳ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಬಡ್ಡಿ ನೋಟಿನ ರೂಪದಲ್ಲೇ ಬರಬೇಕೆಂದಿಲ್ಲ, ಸೂರಿನ ರೂಪದಲ್ಲೂ ಬರುತ್ತದೆ. ದೇಶದ ಕಾನೂನಿಗೂ ಇದು ಹೊಸದಲ್ಲ. ಸಾಲ ತೀರುವವರೆಗೆ ಬಡ್ಡಿಗೆ ಬದಲಾಗಿ ಆಸ್ತಿಯನ್ನು ಅನುಭವಿಸುವ ಕರಾರನ್ನು 1882ರ ಆಸ್ತಿ ವರ್ಗಾವಣೆ ಕಾಯಿದೆ ಅಡಮಾನದ ಒಂದು ವಿಧವೆಂದೇ ಗುರುತಿಸುತ್ತದೆ.

“ಮಾಲಿಕನೇ ಒಪ್ಪಿದ್ದಾನಲ್ಲ” ಎನ್ನುವವರಿದ್ದಾರೆ. ಬಡ್ಡಿ ಕೊಡುವವನೂ ಒಪ್ಪಿಯೇ ಕೊಡುತ್ತಾನೆ. ತಿಂಗಳಿಗೆ ನೂರು ರೂಪಾಯಿ ಹೆಸರಿಗಷ್ಟೇ ಬಾಡಿಗೆ ಬರೆಸುವ ಜಾಣರೂ ಉಂಟು. ಅದು ಉಪಾಯವೇ ಹೊರತು ಬಾಡಿಗೆಯಲ್ಲ. ಮುಂಗಡ ಹೆಚ್ಚು ಕೊಟ್ಟು ಬಾಡಿಗೆ ಇಳಿಸಿಕೊಳ್ಳುವುದೂ ಇದೇ ಜಾತಿಯದು, ಪ್ರಮಾಣ ಮಾತ್ರ ಕಡಿಮೆ. ಎರಡು ಮೂರು ತಿಂಗಳ ಬಾಡಿಗೆಯಷ್ಟು ಮುಂಗಡವನ್ನು ಭದ್ರತೆಗಾಗಿ ಇಡುವುದು ಬೇರೆ ವಿಷಯ. ಅದರಿಂದ ಬಾಡಿಗೆ ಇಳಿಯುವುದಿಲ್ಲ.

ಹಾಗಾದರೆ ಈಗಾಗಲೇ ಭೋಗ್ಯದ ಮನೆಯಲ್ಲಿರುವವರು ಏನು ಮಾಡಬೇಕು? ಮಾಲಿಕನೊಡನೆ ಕುಳಿತು ಆ ಬೀದಿಯ ನ್ಯಾಯವಾದ ಬಾಡಿಗೆಯನ್ನು ಗೊತ್ತುಮಾಡಿ. ಅದು ಆರು ಸಾವಿರವೆಂದಾದರೆ ಕೊಟ್ಟ ಮೂರು ಲಕ್ಷದಿಂದ ತಿಂಗಳು ತಿಂಗಳೂ ಕಳೆಯುತ್ತ ಹೋಗಲಿ. ಆಗ ಅದು 50 ತಿಂಗಳ ಮುಂಗಡ ಬಾಡಿಗೆಯಾಗುತ್ತದೆ. 24 ತಿಂಗಳಿಗೆ ಮನೆ ಬಿಟ್ಟರೆ ನಿಮಗೆ ಬರಬೇಕಾದದ್ದು 1,56,000 ರೂಪಾಯಿ. ಮಾಲಿಕ ಬೇರೆ ಮತದವನಾದರೂ ಇದಕ್ಕೆ ಬೇಡವೆನ್ನುವ ಸಂಭವ ಕಡಿಮೆ, ಲಾಭ ಅವನದೇ! ಒಪ್ಪದಿದ್ದರೆ ಅವಧಿ ಮುಗಿದ ಮೇಲೆ ಕರಾರನ್ನು ಮುಂದುವರಿಸಬೇಡಿ.

ಇನ್ನು ಕಾಗದದ ಮಾತು. ಅಲ್‌ಬಕರಃ ಅಧ್ಯಾಯದ 282ನೇ ಸೂಕ್ತದಲ್ಲಿ ಅಲ್ಲಾಹನು ಅವಧಿಯ ಸಾಲವನ್ನು ಬರೆದಿಡಲು, ಸಾಕ್ಷಿಗಳನ್ನು ನೇಮಿಸಲು ಆಜ್ಞಾಪಿಸಿದ್ದಾನೆ. ನಮ್ಮವರು ಲಕ್ಷಗಟ್ಟಲೆ ಹಣವನ್ನು ಒಂದು ಛಾಪಾ ಕಾಗದದ ಮೇಲೆ ಕೊಟ್ಟುಬಿಡುತ್ತಾರೆ. ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ ಆ ಕಾಗದ ನಿಮ್ಮನ್ನು ಕಾಪಾಡದು. ಹಣ ಕೊಡುವ ಮೊದಲು ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ ನೋಡಿ. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರನ್ನು ಅದೇ ಕಚೇರಿಯಲ್ಲಿ ನೋಂದಾಯಿಸಿ. ಒಂದು ಪ್ರತಿ ಮನೆಯಾಕೆಯ ಬಳಿಯೂ ಇರಲಿ.