ಪರ್ತ್‌ನ ಪಿಯಾನೊ ಕಛೇರಿ

ಸ್ಪೇನಿನ ಬೆನೆಡಿಕ್ಟೈನ್ ಸನ್ಯಾಸಿ ರೊಸೆಂದೊ ಸಾಲ್ವಾದೊ (1814–1900) ಸಹಚರ ಹೊಸೆ ಸೆರ್ರಾ ಜೊತೆ 1846ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕುರುಚಲು ಕಾಡಿನಲ್ಲಿ ನ್ಯೂ ನಾರ್ಸಿಯಾ ಮಿಷನ್ ಆರಂಭಿಸಿದರು. ಬೇಗನೆ ದವಸ ತೀರಿತು. ಸಾಲ್ವಾದೊ ಸುಮಾರು 130 ಕಿ.ಮೀ. ದೂರದ ಪರ್ತ್‌ಗೆ ನಡೆದೇ ಬಂದರು.

ಕೈಯಲ್ಲಿ ಕಾಸಿಲ್ಲ, ಸಂಗೀತವಿತ್ತು! ಮೇ 21ರಂದು ಕೋರ್ಟ್ ಕಟ್ಟಡದಲ್ಲಿ ಕಛೇರಿ. ಪಿಯಾನೊ ಸನ್ಯಾಸಿನಿಯರದು, ದೀಪಗಳು ಆಂಗ್ಲಿಕನ್ ಪಾದ್ರಿ ಕೊಟ್ಟವು, ಬಾಗಿಲು ಕಾದವನು ಯೆಹೂದಿ. ಹರಿದ ನಿಲುವಂಗಿ, ತಳ ಸವೆದ ಬೂಟಿನಲ್ಲೇ ಸಾಲ್ವಾದೊ ನುಡಿಸಿದರು. ಬಂದ ಹಣದಲ್ಲಿ ಎತ್ತು, ದವಸ ಕೊಂಡು ಗಾಡಿ ಹೊಡೆದುಕೊಂಡು ಮರಳಿದರು.

ಎರಡನೇ ಮರಳುವಿಕೆ ಇನ್ನೂ ತೊಡಕಿನದು. 1849ರಲ್ಲಿ ಯುರೋಪಿನಲ್ಲಿದ್ದಾಗ ಉತ್ತರ ಆಸ್ಟ್ರೇಲಿಯಾದ ಪೋರ್ಟ್ ವಿಕ್ಟೋರಿಯಾದ ಬಿಷಪ್ ಪದವಿ ಸಿಕ್ಕಿತು. ಆದರೆ ಅದೇ ವರ್ಷ ಬ್ರಿಟಿಷರು ಆ ನೆಲೆಯನ್ನೇ ಖಾಲಿ ಮಾಡಿದರು. ಊರಿಲ್ಲದ ಬಿಷಪ್ ಆಸ್ಟ್ರೇಲಿಯಾಕ್ಕೆ ಮರಳಿದ್ದು 1853ರಲ್ಲಿ.

ನೆನಪಿಡಿ: ನ್ಯೂ ನಾರ್ಸಿಯಾ ಆಸ್ಟ್ರೇಲಿಯಾದ ಏಕೈಕ ಮಠಪಟ್ಟಣ.